ಡೊರೊತಿ ಥಾಂಪ್ಸನ್‌ಗೆ ಪೂರ್ತಿ ಬದುಕು ಕೊಡಿ

ಪತ್ರಕರ್ತರ ಜೀವನಚಿತ್ರಗಳನ್ನು ಕನ್ನಡದಲ್ಲಿ ಬರೆಯುವ, ಅನುವಾದಿಸುವ, ಪಠ್ಯಕ್ಕೆ ಸೇರಿಸುವ ಎಲ್ಲರಿಗೂ,

ಅಮೆರಿಕದ ಪತ್ರಕರ್ತೆ ಡೊರೊತಿ ಥಾಂಪ್ಸನ್ ತೀರಿಕೊಂಡದ್ದು 1961ರ ಜನವರಿ 30ರಂದು, ಲಿಸ್ಬನ್‌ನಲ್ಲಿ. ಅಂದಿನಿಂದ ಇಂದಿನವರೆಗೆ ಅವರ ಬದುಕನ್ನು ಎರಡು ಬಗೆಯಲ್ಲಿ ಮೊಟಕುಗೊಳಿಸಿ ಹೇಳುವುದು ರೂಢಿಯಾಗಿದೆ. ಕೆಲವರ ಬರಹ ಹಿಟ್ಲರ್‌ನ ಸಂದರ್ಶನದಿಂದ ಹೊರಟು 1939ರಲ್ಲಿ ಅವರ ಚಿತ್ರ ಬಂದ 'ಟೈಮ್' ಪತ್ರಿಕೆಯ ಮುಖಪುಟದ ಹತ್ತಿರ ಬಂದು ನಿಂತುಬಿಡುತ್ತದೆ. ಅಲ್ಲಿಂದ ಮುಂದಿನ ಇಪ್ಪತ್ತು ವರ್ಷಕ್ಕೆ ಒಂದೇ ಸಾಲು: ಆಮೇಲೆ ಅವರು ಇಸ್ರೇಲ್ ವಿರೋಧಿಯಾದರು, ಪ್ರಭಾವ ಕಳೆದುಕೊಂಡರು. ಇನ್ನು ಕೆಲವರಿಗೆ ಥಾಂಪ್ಸನ್ ಹುಟ್ಟುವುದೇ 1945ರಲ್ಲಿ, ಪ್ಯಾಲೆಸ್ತೀನಿಗೆ ಹೋದಾಗ. ಅದಕ್ಕೂ ಮುಂಚಿನದೆಲ್ಲ ಬರೀ ಪೀಠಿಕೆ. ಯಹೂದಿಗಳಿಗೆ ಸ್ವಂತ ರಾಷ್ಟ್ರ ಬೇಕೆನ್ನುವ ಚಳವಳಿಯಾದ ಜಿಯೋನಿಸಂ ಅನ್ನು ಟೀಕಿಸಿ ಹೆಸರಾದ ಪತ್ರಕರ್ತರೆಲ್ಲರ ವಿಷಯದಲ್ಲೂ ಇದೇ ಬಗೆಯ ಕತ್ತರಿ ಆಡುತ್ತದೆ. ಆದರೆ ಥಾಂಪ್ಸನ್ ಅವರಷ್ಟು ಅನ್ಯಾಯಕ್ಕೆ ಒಳಗಾದವರು ಕಡಿಮೆ, ಯಾಕೆಂದರೆ ಅವರ ಬದುಕಿನ ಎರಡು ಭಾಗಗಳನ್ನು ಒಟ್ಟಿಗೆ ಇಟ್ಟು ಓದದಿದ್ದರೆ ಎರಡೂ ಅರ್ಥವಾಗುವುದಿಲ್ಲ.

ಅವರು ಹುಟ್ಟಿದ್ದು 1893ರಲ್ಲಿ, ನ್ಯೂಯಾರ್ಕ್ ರಾಜ್ಯದ ಲಂಕಾಸ್ಟರ್‌ನಲ್ಲಿ, ಒಬ್ಬ ಮೆಥಡಿಸ್ಟ್ ಪಾದ್ರಿಯ ಮಗಳಾಗಿ. ಸಿರಾಕ್ಯೂಸ್ ವಿಶ್ವವಿದ್ಯಾಲಯದಿಂದ 1914ರಲ್ಲಿ ಪದವಿ ಪಡೆದು, ಮಹಿಳೆಯರ ಮತದಾನದ ಹಕ್ಕಿಗಾಗಿ ಊರೂರು ತಿರುಗಿ ಭಾಷಣ ಮಾಡಿದವರು. 1920ರಲ್ಲಿ ಯುರೋಪಿಗೆ ಹಡಗು ಹತ್ತಿದಾಗ ಅವರಿಗೆ ಯಾವ ಪತ್ರಿಕೆಯ ನೌಕರಿಯೂ ಇರಲಿಲ್ಲ. ಅದೇ ಹಡಗಿನಲ್ಲಿ ಲಂಡನ್ನಿನ ಜಿಯೋನಿಸ್ಟ್ ಸಮ್ಮೇಳನಕ್ಕೆ ಹೊರಟಿದ್ದ ಪ್ರತಿನಿಧಿಗಳಿದ್ದರು. ದಾರಿಯುದ್ದಕ್ಕೂ ಅವರ ಮಾತು ಕೇಳಿಸಿಕೊಂಡು ಬಂದ ಈ ಹುಡುಗಿ, ಲಂಡನ್ನಿನಲ್ಲಿ ಇಳಿದು ಇಂಟರ್‌ನ್ಯಾಷನಲ್ ನ್ಯೂಸ್ ಸರ್ವಿಸ್ ಸುದ್ದಿಸಂಸ್ಥೆಗಾಗಿ ಆ ಸಮ್ಮೇಳನದ ವರದಿ ಮಾಡಿದರು. ವಿದೇಶಿ ವರದಿಗಾರ್ತಿಯಾಗಿ ಅವರು ಕಣ್ಣುಬಿಟ್ಟದ್ದೇ ಜಿಯೋನಿಸ್ಟರ ನಡುವೆ. ಮುಂದೆ ಜಿಯೋನಿಸ್ಟ್ ನಾಯಕ ಚೈಮ್ ವೈಝ್‌ಮನ್ ಅವರ ಪರಿಚಯವೂ ಆಯಿತು. 1945ರವರೆಗೂ, ಅಂದರೆ ಸುಮಾರು ಇಪ್ಪತ್ತೈದು ವರ್ಷ, ಅವರು ಯಹೂದಿ ರಾಷ್ಟ್ರದ ಬೇಡಿಕೆಗೆ ಬೆಂಬಲವಾಗಿದ್ದರು. ಈ ಸಂಗತಿ ಬಿಟ್ಟು ಬರೆದ ಯಾವ ಜೀವನಚಿತ್ರವೂ ಅಪೂರ್ಣ.

1920ರ ದಶಕದ ನಡುವಿನಲ್ಲಿ ಅವರು ಬರ್ಲಿನ್ನಿನ ಬ್ಯೂರೋ ಮುಖ್ಯಸ್ಥೆ. ಆ ಕಾಲದಲ್ಲಿ ಅಮೆರಿಕದ ಹೆಂಗಸೊಬ್ಬಳಿಗೆ ಅಂಥ ಹುದ್ದೆ ಸಿಗುವುದು ಬಲು ಅಪರೂಪವಾಗಿತ್ತು. 1931ರ ನವೆಂಬರಿನಲ್ಲಿ ಕೈಸರ್‌ಹೋಫ್ ಹೋಟೆಲಿನಲ್ಲಿ ಹಿಟ್ಲರ್ ಅವರಿಗೆ ಸಂದರ್ಶನ ಕೊಟ್ಟ. ಪ್ರಶ್ನೆಗಳನ್ನು ಮುಂಚಿತವಾಗಿ ಬರೆದುಕೊಡಬೇಕಿತ್ತು, ಅದೂ ಮೂರೇ ಪ್ರಶ್ನೆ. ಜರ್ಮನಿಯ ಮುಂದಿನ ಸರ್ವಾಧಿಕಾರಿಯನ್ನು ನೋಡಲಿದ್ದೇನೆ ಎಂದುಕೊಂಡು ಕೋಣೆಗೆ ಕಾಲಿಟ್ಟ ಥಾಂಪ್ಸನ್, ಒಂದು ನಿಮಿಷ ಕಳೆಯುವುದರೊಳಗೆ ಈ ಕ್ಷುಲ್ಲಕ ಮನುಷ್ಯನಿಂದ ಅದಾಗದು ಎಂದು ತೀರ್ಮಾನಿಸಿದರು. ಹಾಗೆಯೇ ಬರೆದರು, 1932ರಲ್ಲಿ ಪುಸ್ತಕವಾಗಿಯೂ ತಂದರು. ಮರುವರ್ಷ ಜನವರಿಯಲ್ಲಿ ಹಿಟ್ಲರ್ ಚಾನ್ಸಲರ್ ಆದ. ಅವರ ವೃತ್ತಿಬದುಕಿನ ಅತಿದೊಡ್ಡ ತಪ್ಪು ಅಂದಾಜು ಇದು. ಅಭಿಮಾನದಿಂದ ಬರೆಯುವವರು ಇದನ್ನು ಮುಚ್ಚಿಡಬಾರದು.

ಆದರೂ ಆ ಬರಹವನ್ನು ನಾಜಿಗಳು ಮರೆಯಲಿಲ್ಲ. 1934ರ ಆಗಸ್ಟಿನಲ್ಲಿ ಬರ್ಲಿನ್ನಿನ ಆಡ್ಲಾನ್ ಹೋಟೆಲಿನಲ್ಲಿದ್ದ ಅವರ ಕೈಗೆ, ಇಪ್ಪತ್ನಾಲ್ಕು ಗಂಟೆಯೊಳಗೆ ದೇಶ ಬಿಡಬೇಕೆಂಬ ಆದೇಶ ಬಂತು. ರೈಲ್ವೆ ನಿಲ್ದಾಣಕ್ಕೆ ಬಂದ ವಿದೇಶಿ ಪತ್ರಕರ್ತರು ತೋಳ್ತುಂಬ ಗುಲಾಬಿ ಕೊಟ್ಟು ಬೀಳ್ಕೊಟ್ಟರು. ಆ ಆದೇಶದ ಕಾಗದಕ್ಕೆ ಚೌಕಟ್ಟು ಹಾಕಿಸಿ ಥಾಂಪ್ಸನ್ ಮನೆಯ ಗೋಡೆಯ ಮೇಲೆ ತೂಗುಹಾಕಿಕೊಂಡರು.

ಊರಿಗೆ ಮರಳಿದ ಮೇಲೆ 1936ರಲ್ಲಿ 'ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್' ಪತ್ರಿಕೆಯಲ್ಲಿ ವಾರಕ್ಕೆ ಮೂರು ಸಲ ಬರುವ ಅಂಕಣ ಶುರುವಾಯಿತು. 150ಕ್ಕೂ ಹೆಚ್ಚು ಪತ್ರಿಕೆಗಳು ಅದನ್ನು ಅಚ್ಚುಹಾಕುತ್ತಿದ್ದವು. ಜೊತೆಗೆ ರೇಡಿಯೊ. 1938ರ ಏಪ್ರಿಲಿನಲ್ಲಿ 'ಫಾರಿನ್ ಅಫೇರ್ಸ್' ನಿಯತಕಾಲಿಕದಲ್ಲಿ ಅವರು ನಿರಾಶ್ರಿತರ ಸಮಸ್ಯೆಯ ಬಗ್ಗೆ ಬರೆದ ಲೇಖನ, ಅದೇ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದ ಹಿಂದಿನ ಚರ್ಚೆಗೆ ಇಂಬು ಕೊಟ್ಟಿತು. 32 ದೇಶಗಳು ಅಲ್ಲಿ ಸೇರಿ ಯಹೂದಿ ನಿರಾಶ್ರಿತರಿಗಾಗಿ ಮರುಗಿದವು. ದೊಡ್ಡ ಸಂಖ್ಯೆಯಲ್ಲಿ ಅವರನ್ನು ಕರೆಸಿಕೊಳ್ಳಲು ಮುಂದೆ ಬಂದದ್ದು ಡೊಮಿನಿಕನ್ ಗಣರಾಜ್ಯ ಒಂದೇ.

ಆ ನವೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಹರ್ಷೆಲ್ ಗ್ರಿನ್‌ಸ್ಪಾನ್ ಎಂಬ ಹದಿನೇಳರ ಯಹೂದಿ ಹುಡುಗ ಜರ್ಮನ್ ರಾಯಭಾರ ಕಚೇರಿಯ ಅಧಿಕಾರಿಯೊಬ್ಬನನ್ನು ಗುಂಡಿಕ್ಕಿ ಕೊಂದ. ಅದನ್ನೇ ನೆಪ ಮಾಡಿಕೊಂಡು ನಾಜಿಗಳು ಜರ್ಮನಿಯುದ್ದಕ್ಕೂ ಸಿನಗಾಗ್‌ಗಳಿಗೆ ಬೆಂಕಿ ಇಟ್ಟರು, ಅಂಗಡಿಗಳನ್ನು ಒಡೆದರು. ಕೆಲವೇ ದಿನಗಳಲ್ಲಿ ಥಾಂಪ್ಸನ್ ರೇಡಿಯೊದಲ್ಲಿ ಮಾತಾಡಿ, ಈ ಹುಡುಗನ ಪರವಾಗಿ ವಾದಿಸುವವರು ಯಾರು ಎಂದು ಕೇಳಿದರು. ವಕೀಲರ ಖರ್ಚಿಗೆ ನಿಧಿ ತೆರೆದರು. 40,000 ಡಾಲರಿಗೂ ಹೆಚ್ಚು ಹಣ ಬಂತು. ಯಹೂದಿಗಳಿಂದ ಆ ನಿಧಿಗೆ ಒಂದು ಕಾಸೂ ತೆಗೆದುಕೊಳ್ಳಬಾರದೆಂದು ನಿಯಮ ಮಾಡಿದ್ದರು. ಇದು ಯಹೂದಿಗಳ ಪಿತೂರಿ ಎಂದು ಹೇಳಲು ನಾಜಿಗಳಿಗೆ ಅವಕಾಶ ಸಿಗಬಾರದು, ಭಾರ ಹೊರಬೇಕಾದವರು ಕ್ರೈಸ್ತರು ಎಂಬುದು ಅವರ ಲೆಕ್ಕ. ಮೂರು ತಿಂಗಳ ಮೇಲೆ, 1939ರ ಫೆಬ್ರುವರಿ 20ರಂದು, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅಮೆರಿಕದ ನಾಜಿ ಬೆಂಬಲಿಗರು ಸುಮಾರು 20,000 ಜನರ ಸಭೆ ನಡೆಸಿದಾಗ, ಪತ್ರಕರ್ತರ ಸಾಲಿನಲ್ಲಿ ಕುಳಿತಿದ್ದ ಥಾಂಪ್ಸನ್ ಭಾಷಣಗಳಿಗೆ ಗಹಗಹಿಸಿ ನಕ್ಕರು. ಕಾವಲುಗಾರರು ಹೊರಗೆ ಕಳಿಸಿದರು. ಮತ್ತೆ ಒಳಬಂದು ಕುಳಿತರು.

ಗ್ರಿನ್‌ಸ್ಪಾನ್‌ಗೆ ವಕೀಲರನ್ನು ಹುಡುಕಿದವರಿಗೂ ಹತ್ತು ವರ್ಷದ ನಂತರ ಯಹೂದಿ ದ್ವೇಷಿ ಎನ್ನಿಸಿಕೊಂಡವರಿಗೂ ಇರುವುದು ಒಂದೇ ಹೆಸರು.

1945ರಲ್ಲಿ ಥಾಂಪ್ಸನ್ ಪ್ಯಾಲೆಸ್ತೀನಿಗೆ ಹೋದರು. ಅಲ್ಲಿ ಕಂಡದ್ದಕ್ಕೂ ಅಮೆರಿಕದಲ್ಲಿ ತಮಗೆ ಹೇಳಿದ್ದಕ್ಕೂ ತಾಳೆಯಾಗುವುದಿಲ್ಲ ಎನ್ನಿಸಿತು. ಅಲ್ಲಿ ಅರಬ್ಬರು ಬಹುಸಂಖ್ಯಾತರಾಗಿ ಬದುಕುತ್ತಿದ್ದಾರೆ, ಅವರ ಒಪ್ಪಿಗೆ ಇಲ್ಲದೆ ರಾಷ್ಟ್ರ ಕಟ್ಟಿದರೆ ಕೊನೆಯಿಲ್ಲದ ಯುದ್ಧ ಕಾದಿದೆ ಎಂಬ ಅಭಿಪ್ರಾಯಕ್ಕೆ ಬಂದರು. 1946ರ ಜುಲೈ 22ರಂದು ಯಹೂದಿ ಸಶಸ್ತ್ರ ಸಂಘಟನೆ ಇರ್ಗುನ್ ಜೆರುಸಲೇಮಿನ ಕಿಂಗ್ ಡೇವಿಡ್ ಹೋಟೆಲಿನಲ್ಲಿ ಬಾಂಬ್ ಸಿಡಿಸಿ 91 ಜನ ಸತ್ತರು. ಅಂಥ ಹಿಂಸೆಯನ್ನು ಅವರು ಕಟುವಾಗಿ ಖಂಡಿಸಿದರು. ಓದುಗರ ಸಿಟ್ಟಿನ ಪತ್ರಗಳು ಹರಿದುಬಂದವು. 1947ರಲ್ಲಿ 'ನ್ಯೂಯಾರ್ಕ್ ಪೋಸ್ಟ್' ಅವರ ಅಂಕಣವನ್ನು ನಿಲ್ಲಿಸಿತು.

ಈ ಒಂದು ಘಟನೆಯನ್ನು ಹೇಗೆ ಬರೆಯುತ್ತೀರಿ ಎಂಬುದರಲ್ಲೇ ನಿಮ್ಮ ನ್ಯಾಯಬುದ್ಧಿ ಗೊತ್ತಾಗುತ್ತದೆ. ಜಿಯೋನಿಸಂ ಟೀಕಿಸಿದ್ದಕ್ಕೆ ಬಾಯಿ ಮುಚ್ಚಿಸಿದರು ಎಂದು ಒಂದು ಸಾಲು ಬರೆದು ಮುಂದೆ ಹೋಗುವುದು ಸುಲಭ. ಅದರಲ್ಲಿ ಸತ್ಯಾಂಶವಿದೆ. ನ್ಯೂಯಾರ್ಕ್ ಅಮೆರಿಕದ ಅತಿ ಹೆಚ್ಚು ಯಹೂದಿ ಓದುಗರಿದ್ದ ನಗರ, ಅಲ್ಲಿ ಪತ್ರಿಕೆ ಕಳೆದುಕೊಳ್ಳುವುದೆಂದರೆ ಅಂಕಣಕಾರ್ತಿಗೆ ಬಲಗೈ ಕಳೆದುಕೊಂಡಂತೆ. ಆದರೆ ಪತ್ರಿಕೆಯೊಂದು ಅವರನ್ನು ಕೈಬಿಟ್ಟದ್ದು ಅದೇ ಮೊದಲಲ್ಲ. 1940ರ ಚುನಾವಣೆಯಲ್ಲಿ ಹೆರಾಲ್ಡ್ ಟ್ರಿಬ್ಯೂನ್ ರಿಪಬ್ಲಿಕನ್ ಅಭ್ಯರ್ಥಿ ವೆಂಡೆಲ್ ವಿಲ್ಕಿಯ ಪರ ನಿಂತಿದ್ದಾಗ ಥಾಂಪ್ಸನ್ ರೂಸ್‌ವೆಲ್ಟ್‌ಗೆ ಬೆಂಬಲ ಘೋಷಿಸಿದ್ದರು. ಆ ಪತ್ರಿಕೆ ಒಪ್ಪಂದ ಮುಂದುವರಿಸಲಿಲ್ಲ. ಹಾಗಾಗಿಯೇ 1941ರಲ್ಲಿ ಪೋಸ್ಟ್‌ಗೆ ಬಂದದ್ದು. ಇನ್ನೊಂದು ಮಾತು: ಯುದ್ಧ ಮುಗಿದ ಮೇಲೆ ಜರ್ಮನ್ ಜನರನ್ನೆಲ್ಲ ಸಾರಾಸಗಟಾಗಿ ಅಪರಾಧಿಗಳೆಂದು ನೋಡಬಾರದು ಎಂದು ಅವರು ಬರೆಯುತ್ತಿದ್ದರು, ಅದಕ್ಕೂ ಅನೇಕರು ಕೆರಳಿದ್ದರು. 1947ರ ಅಂಕಣದ ಕತೆಯಲ್ಲಿ ಇವೆಲ್ಲ ಸೇರಬೇಕು. ಸೇರಿಸಿದರೆ ಥಾಂಪ್ಸನ್ ಸಣ್ಣವರಾಗುವುದಿಲ್ಲ. ಮಾಲೀಕರು, ಓದುಗರು, ಪಕ್ಷ ಯಾರು ಮುನಿದರೂ ತಮಗೆ ಕಂಡದ್ದನ್ನೇ ಬರೆದ ಒಬ್ಬ ಹಟವಾದಿ ಕಾಣಿಸುತ್ತಾರೆ.

ಈಗ 1950ರ ಮಾರ್ಚ್ ತಿಂಗಳಿನ 'ಕಾಮೆಂಟರಿ' ಸಂಚಿಕೆಗೆ ಬನ್ನಿ. ಈ ಪತ್ರ ಬರೆಯಲು ಮುಖ್ಯ ಕಾರಣವೇ ಆ ಸಂಚಿಕೆ. ಕಾಮೆಂಟರಿಯನ್ನು ಆಗ ನಡೆಸುತ್ತಿದ್ದದ್ದು ಅಮೆರಿಕನ್ ಜ್ಯೂಯಿಷ್ ಕಮಿಟಿ. ಇಸ್ರೇಲ್ ಹುಟ್ಟಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಯಹೂದಿ ಸಂಸ್ಥೆಯೊಂದರ ಆ ಪತ್ರಿಕೆ ಥಾಂಪ್ಸನ್ ಅವರ ಲೇಖನವನ್ನು ಅಚ್ಚುಹಾಕಿತು. ಅಮೆರಿಕದ ಪೌರನಿಗೆ ರಾಜಕೀಯ ನಿಷ್ಠೆ ಒಂದೇ ದೇಶಕ್ಕೆ ಇರಬೇಕು, ಜಿಯೋನಿಸಂ ಅಮೆರಿಕದ ಯಹೂದಿಯನ್ನು ಎರಡು ದೇಶಗಳ ನಡುವೆ ಹರಿದು ಹಂಚುತ್ತದೆ ಎಂಬುದು ಅವರ ವಾದದ ತಿರುಳು. ಅದೇ ಸಂಚಿಕೆಯಲ್ಲಿ ಹಾರ್ವರ್ಡ್‌ನ ಇತಿಹಾಸಕಾರ ಆಸ್ಕರ್ ಹ್ಯಾಂಡ್ಲಿನ್ ಥಾಂಪ್ಸನ್‌ಗೆ ಉತ್ತರ ಕೊಟ್ಟರು. ವಲಸೆ ಬಂದವರಿಂದಲೇ ಕಟ್ಟಿದ ದೇಶದಲ್ಲಿ ಹಲವು ನಿಷ್ಠೆಗಳು ಮೊದಲಿನಿಂದಲೂ ಒಟ್ಟಿಗೆ ಬಾಳಿವೆ, ಯಹೂದಿಗಳಿಗೆ ಮಾತ್ರ ಬೇರೆ ಅಳತೆಗೋಲು ಯಾಕೆ ಎಂಬ ದಿಕ್ಕಿನಲ್ಲಿ ಆ ಉತ್ತರ.

ಈ ಜಗಳದಲ್ಲಿ ಹ್ಯಾಂಡ್ಲಿನ್ ಅವರ ಕಡೆಗೇ ತಕ್ಕಡಿ ವಾಲುತ್ತದೆ. ಯಹೂದಿಯ ನಿಷ್ಠೆ ಎಲ್ಲಿದೆ ಎಂದು ಕೇಳುವುದು ಬಹಳ ಹಳೆಯ, ಬಹಳ ರಕ್ತ ಕುಡಿದ ಪ್ರಶ್ನೆ. 1894ರಲ್ಲಿ ಫ್ರೆಂಚ್ ಸೇನೆಯ ಕ್ಯಾಪ್ಟನ್ ಆಲ್ಫ್ರೆಡ್ ಡ್ರೈಫಸ್‌ರನ್ನು ದೇಶದ್ರೋಹಿ ಎಂದು ಜೈಲಿಗೆ ತಳ್ಳಿದ್ದರ ಹಿಂದೆ ಇದ್ದದ್ದು ಅದೇ ಅನುಮಾನ. ಆ ಮೊಕದ್ದಮೆಯನ್ನು ವಿಯೆನ್ನಾದ ಪತ್ರಿಕೆಗಾಗಿ ಪ್ಯಾರಿಸ್ಸಿನಿಂದ ವರದಿ ಮಾಡಿದವರು ಥಿಯೋಡೋರ್ ಹರ್ಟ್‌ಝ್ಲ್, ಎರಡು ವರ್ಷದ ಮೇಲೆ ಯಹೂದಿ ರಾಷ್ಟ್ರದ ಕಲ್ಪನೆಯನ್ನು ಪುಸ್ತಕವಾಗಿ ಬರೆದು ರಾಜಕೀಯ ಜಿಯೋನಿಸಂಗೆ ಬುನಾದಿ ಹಾಕಿದವರು. ನಾಜಿಗಳನ್ನು ಹತ್ತಿರದಿಂದ ನೋಡಿದ್ದ ಥಾಂಪ್ಸನ್‌ಗೆ ಆ ಪ್ರಶ್ನೆ ಎಷ್ಟು ಚುಚ್ಚುತ್ತದೆ ಎಂಬುದು ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಅಥವಾ ಹೊಳೆದೂ ಬರೆದರು. ಜೀವನಚಿತ್ರದಲ್ಲಿ ಇದನ್ನು ಹೇಳಲೇಬೇಕು. ಹೇಳುವುದಕ್ಕೆ ಒಂದು ಕ್ರಮವಿದೆ: ಮೊದಲು ಅವರ ವಾದ ಏನು, ಆಮೇಲೆ ಅದಕ್ಕೆ ಬಂದ ಉತ್ತರ ಏನು, ಆಮೇಲೆ ಬರೆಯುವವರ ತೀರ್ಪು. ವಾದವನ್ನು ಓದುಗರಿಗೆ ತೋರಿಸದೆ ನೇರವಾಗಿ ಹಣೆಗೆ ಚೀಟಿ ಅಂಟಿಸುವವರು ಕಾಮೆಂಟರಿಯ ಆ ಸಂಪಾದಕರಿಂದ ಕಲಿಯಬೇಕು. ತಮ್ಮನ್ನೇ ನೋಯಿಸುವ ಲೇಖನಕ್ಕೆ ಅವರು ಪೂರ್ತಿ ಜಾಗ ಕೊಟ್ಟರು, ಉತ್ತರಕ್ಕೂ ಪೂರ್ತಿ ಜಾಗ ಕೊಟ್ಟರು.

ಇಷ್ಟಕ್ಕೂ ಜಿಯೋನಿಸಂನ ಟೀಕೆ ಯಹೂದಿಗಳ ಮನೆಯೊಳಗಿಂದಲೂ ಬಂದ ಮಾತು. 1917ರಲ್ಲಿ ಬ್ರಿಟಿಷ್ ಸಂಪುಟದಲ್ಲಿದ್ದ ಏಕೈಕ ಯಹೂದಿ ಸಚಿವ ಎಡ್ವಿನ್ ಮಾಂಟೆಗು, ಪ್ಯಾಲೆಸ್ತೀನಿನಲ್ಲಿ ಯಹೂದಿಗಳಿಗೆ ರಾಷ್ಟ್ರೀಯ ನೆಲೆ ಎಂಬ ಬಾಲ್ಫರ್ ಘೋಷಣೆಯನ್ನು ಕಟುವಾಗಿ ವಿರೋಧಿಸಿ ಸಹೋದ್ಯೋಗಿಗಳಿಗೆ ಟಿಪ್ಪಣಿ ಬರೆದರು. ಯಹೂದಿಗಳಿಗೆಂದೇ ಒಂದು ರಾಷ್ಟ್ರೀಯ ನೆಲೆ ಗೊತ್ತುಮಾಡಿದರೆ ಬೇರೆ ದೇಶಗಳಲ್ಲಿರುವ ಯಹೂದಿಗಳನ್ನು ಪರಕೀಯರೆಂದು ಹೊರದಬ್ಬಲು ನೆಪ ಸಿಗುತ್ತದೆ ಎಂಬುದು ಅವರ ಭಯ. ನಮ್ಮ ಶಾಲಾ ಪಠ್ಯಗಳಲ್ಲಿ ಬರುವ ಮಾಂಟೆಗು-ಚೆಮ್ಸ್‌ಫರ್ಡ್ ಸುಧಾರಣೆಯ ಮಾಂಟೆಗು ಇವರೇ, ಆಗ ಭಾರತ ಮಂತ್ರಿ. ಥಾಂಪ್ಸನ್ ಅವರ ಜೊತೆ ಕೆಲಸ ಮಾಡಿದ ಎಲ್ಮರ್ ಬರ್ಜರ್ ಯಹೂದಿ ಧರ್ಮಗುರು. ಇವರನ್ನೆಲ್ಲ ಬದಿಗೆ ಸರಿಸಿ, ಟೀಕೆ ಎಂದರೆ ದ್ವೇಷ ಎಂದು ಬರೆದುಬಿಡುವುದು ಸುಳ್ಳು. ಹಾಗೆಯೇ ಡ್ರೈಫಸ್, 1903ರ ಕಿಶಿನೇವ್‌ನ ಯಹೂದಿ ಹತ್ಯಾಕಾಂಡ, ಎವಿಯಾನ್‌ನಲ್ಲಿ ಮುಚ್ಚಿದ ಬಾಗಿಲುಗಳು ಇವು ಯಾವುದನ್ನೂ ಹೇಳದೆ ಜಿಯೋನಿಸಂ ಅನ್ನು ಬರೀ ವಸಾಹತುಶಾಹಿ ಸಂಚು ಎಂದು ತಳ್ಳಿಹಾಕುವುದೂ ಸುಳ್ಳು. 1948ರಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು ಮನೆಮಠ ಕಳೆದುಕೊಂಡದ್ದು ಈ ಎಲ್ಲದರ ಜೊತೆಗೆ ನಿಲ್ಲುವ ಸತ್ಯ. ನಿರಾಶ್ರಿತರ ಬಗ್ಗೆ 1938ರಲ್ಲಿ ಬರೆದವರೇ ಹತ್ತು ವರ್ಷದ ಮೇಲೆ ಇನ್ನೊಂದು ನಿರಾಶ್ರಿತ ಜನಾಂಗದ ಬಗ್ಗೆ ಬರೆದರು. ಅವರ ಮಟ್ಟಿಗೆ ಅದು ಅದೇ ಕೆಲಸದ ಮುಂದುವರಿಕೆ.

ಅವರ ಬದುಕಿನಲ್ಲಿ ಇನ್ನೊಂದು ಕಷ್ಟದ ಅಧ್ಯಾಯವಿದೆ. 1951ರಲ್ಲಿ ಅಮೆರಿಕನ್ ಫ್ರೆಂಡ್ಸ್ ಆಫ್ ದಿ ಮಿಡ್ಲ್ ಈಸ್ಟ್ ಎಂಬ ಸಂಸ್ಥೆ ಹುಟ್ಟಿತು, ಥಾಂಪ್ಸನ್ ಅದರ ಅಧ್ಯಕ್ಷೆಯಾದರು. 1957ರಲ್ಲಿ ಆ ಸ್ಥಾನ ಬಿಟ್ಟರು. ಆ ಸಂಸ್ಥೆಗೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಹಣ ಬರುತ್ತಿತ್ತು ಎಂಬುದು ಬಯಲಾದದ್ದು 1967ರಲ್ಲಿ. ಉತ್ತರ ಕೊಡಲು ಅವರು ಬದುಕಿರಲಿಲ್ಲ. ವಿರೋಧಿಗಳಿಗೆ ಇದಕ್ಕಿಂತ ಒಳ್ಳೆಯ ಅಸ್ತ್ರ ಬೇಕೆ? ಅಭಿಮಾನಿಗಳಿಗೆ ಇದಕ್ಕಿಂತ ಮುಜುಗರ ಬೇಕೆ? ತಾರೀಕುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಅವರ ಅಭಿಪ್ರಾಯ ತಿರುಗಿದ್ದು 1945ರಲ್ಲಿ, ಪೋಸ್ಟ್ ಕೈತಪ್ಪಿದ್ದು 1947ರಲ್ಲಿ, ಸಂಸ್ಥೆ ಹುಟ್ಟಿದ್ದು 1951ರಲ್ಲಿ. ಹಣ ಅಭಿಪ್ರಾಯವನ್ನು ಕೊಂಡುಕೊಂಡಿತು ಎನ್ನಲು ಈ ಕ್ರಮ ಅವಕಾಶ ಕೊಡುವುದಿಲ್ಲ. ಆದರೆ ಅಂಕಣ ಬರೆಯುತ್ತಲೇ ಅದೇ ವಿಷಯದಲ್ಲಿ ಪ್ರಚಾರ ಮಾಡುವ ಸಂಸ್ಥೆಯ ಅಧ್ಯಕ್ಷರಾಗಿದ್ದದ್ದು ಪತ್ರಕರ್ತೆಗೆ ತಕ್ಕದ್ದಾಗಿರಲಿಲ್ಲ, ಸಂಸ್ಥೆ ಎಷ್ಟೇ ಪರಿಶುದ್ಧವಾಗಿದ್ದರೂ. ಈ ಮಾತನ್ನು ಮೃದುಗೊಳಿಸುವ ಅಗತ್ಯವಿಲ್ಲ.

ಅವರಿಗೆ ಆದ ಇನ್ನೊಂದು ಅನ್ಯಾಯಕ್ಕೂ ಜಿಯೋನಿಸಂಗೂ ಸಂಬಂಧವಿಲ್ಲ. ಅವರ ಎರಡನೆಯ ಗಂಡ ಸಿಂಕ್ಲೇರ್ ಲೂಯಿಸ್ 1930ರಲ್ಲಿ ಸಾಹಿತ್ಯದ ನೊಬೆಲ್ ಪಡೆದವರು. ಥಾಂಪ್ಸನ್ ತೀರಿಕೊಂಡ ಎರಡು ವರ್ಷಕ್ಕೆ ಗೆಳೆಯ ವಿನ್ಸೆಂಟ್ ಶೀಯನ್ ಬರೆದ ಪುಸ್ತಕ ಮುಖ್ಯವಾಗಿ ಆ ದಾಂಪತ್ಯದ ಕತೆ. ಶೀಯನ್ ಕೂಡ ಸಾಮಾನ್ಯರಲ್ಲ. 1929ರಲ್ಲಿ ಜಿಯೋನಿಸ್ಟ್ ಪತ್ರಿಕೆಯೊಂದು ಒಪ್ಪಿಸಿದ್ದ ಕೆಲಸದ ಮೇಲೆ ಪ್ಯಾಲೆಸ್ತೀನಿಗೆ ಹೋಗಿ, ಅಲ್ಲಿನ ಸ್ಥಿತಿ ನೋಡಿ ಆ ಕೆಲಸ ಬಿಟ್ಟರು. ಆ ಆಗಸ್ಟಿನ ಗಲಭೆಗಳಲ್ಲಿ 133 ಯಹೂದಿಗಳೂ 116 ಅರಬ್ಬರೂ ಸತ್ತಾಗ ಜೆರುಸಲೇಮಿನಿಂದ ವರದಿ ಮಾಡಿ ಎಲ್ಲರ ಬೈಗುಳ ತಿಂದರು. 1948ರ ಜನವರಿ 30ರ ಸಂಜೆ ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧಿಯ ಪ್ರಾರ್ಥನಾ ಸಭೆಗೆ ಬಂದಿದ್ದ ಅಮೆರಿಕದ ಪತ್ರಕರ್ತರಲ್ಲಿ ಇವರೂ ಒಬ್ಬರು. ಅಂಥವರ ಕೈಯಲ್ಲೂ ಥಾಂಪ್ಸನ್ ಮೊದಲು ಹೆಂಡತಿ, ಆಮೇಲೆ ಪತ್ರಕರ್ತೆ. 1990ರಲ್ಲಿ ಪೀಟರ್ ಕರ್ತ್ ಬರೆದ ದೊಡ್ಡ ಜೀವನಚರಿತ್ರೆ, 2022ರಲ್ಲಿ ಡೆಬೊರಾ ಕೋಹೆನ್ ಆ ತಲೆಮಾರಿನ ವರದಿಗಾರರ ಮೇಲೆ ತಂದ ಪುಸ್ತಕ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿವೆ.

ಇಂದು ಬದುಕಿರುವವರ ಬಗ್ಗೆ ಬರೆಯುವಾಗ ಹೊಣೆ ಇನ್ನೂ ಹೆಚ್ಚು. ಇಸ್ರೇಲಿನ 'ಹಾರೆಟ್ಜ್' ಪತ್ರಿಕೆಯ ಅಮಿರಾ ಹಾಸ್ ಅವರನ್ನೇ ನೋಡಿ. ತಾಯಿ ನಾಜಿಗಳ ಬರ್ಗನ್-ಬೆಲ್ಸನ್ ಸೆರೆಶಿಬಿರದಿಂದ ಬದುಕಿ ಬಂದು ಅದರ ದಿನಚರಿ ಬಿಟ್ಟುಹೋದವರು. ಮಗಳು 1993ರಿಂದ ಗಾಜಾದಲ್ಲಿ, ಆಮೇಲೆ ರಮಲ್ಲಾದಲ್ಲಿ, ಪ್ಯಾಲೆಸ್ತೀನಿಯರ ನಡುವೆ ಮನೆ ಮಾಡಿಕೊಂಡು ವರದಿ ಮಾಡಿದವರು. 2008ರ ಡಿಸೆಂಬರಿನಲ್ಲಿ ಅನುಮತಿ ಇಲ್ಲದೆ ಗಾಜಾಕ್ಕೆ ಹೋಗಿದ್ದರೆಂದು ಇಸ್ರೇಲ್ ಪೊಲೀಸರು ಅವರನ್ನು ಬಂಧಿಸಿದರು. ಅದಕ್ಕೂ ಮುಂಚೆ ಅವರನ್ನು ಗಾಜಾದಿಂದ ಹೊರಡಿಸಿದ್ದು ಹಮಾಸ್. ಹೆಬ್ರಾನ್‌ನ ವಸಾಹತುಗಾರರ ಬಗ್ಗೆ ಮಾಡಿದ ಒಂದು ವರದಿ ಮಾನಹಾನಿಕರ ಎಂದು 2001ರಲ್ಲಿ ಜೆರುಸಲೇಮಿನ ನ್ಯಾಯಾಲಯ ತೀರ್ಪು ಕೊಟ್ಟು, 2,50,000 ಶೆಕೆಲ್ ಪರಿಹಾರ ವಿಧಿಸಿತು. ಹಾಸ್ ಅವರನ್ನು ಮೆಚ್ಚುವವರು ಈ ತೀರ್ಪನ್ನು ನುಂಗುತ್ತಾರೆ, ಮೆಚ್ಚದವರು ಇದೊಂದನ್ನೇ ಹಿಡಿದು ಕೂರುತ್ತಾರೆ. ದಶಕಗಳ ದಿನನಿತ್ಯದ ವರದಿಗಾರಿಕೆಯಲ್ಲಿ ಅದಕ್ಕೆ ಎಷ್ಟು ಜಾಗ ಸಲ್ಲಬೇಕೋ ಅಷ್ಟು ಕೊಡಬಹುದಲ್ಲ.

ಕನ್ನಡದಲ್ಲಿ ಪತ್ರಕರ್ತನಾಗಿದ್ದುಕೊಂಡೇ ವ್ಯಕ್ತಿಚಿತ್ರಗಳನ್ನು ಬರೆದ ಡಿವಿಜಿಯವರ ಪರಂಪರೆ ಇದೆ. ದಿವಾನರಿಂದ ಹಿಡಿದು ವೈದಿಕರ ತನಕ ಎಷ್ಟೋ ಬಗೆಯ ಜನರನ್ನು ಅವರವರ ಮಾತು, ನಡೆ, ಮನೆಯ ಜಗಲಿಯ ಸಮೇತ ನಿಲ್ಲಿಸಿದ ಬರಹ ಅದು. ಆ ಕೈಚಳಕ ಗೊತ್ತಿರುವ ಭಾಷೆಯಲ್ಲಿ, ಥಾಂಪ್ಸನ್ ಅಂಥವರನ್ನು ಎರಡು ಸಾಲಿನ ಆರೋಪಪಟ್ಟಿಯಾಗಿಯೋ ಎರಡು ಸಾಲಿನ ಮಂಗಳಾರತಿಯಾಗಿಯೋ ಇಳಿಸಬಾರದು ಎಂದು ಕೇಳುವುದು ದೊಡ್ಡ ಬೇಡಿಕೆಯೇನಲ್ಲ.

ಕೊನೆಯದಾಗಿ ಒಂದು ಕೆಲಸದ ಮಾತು. 1950ರ ಕಾಮೆಂಟರಿಯ ಆ ಎರಡು ಲೇಖನಗಳು, ಥಾಂಪ್ಸನ್ ಬರೆದದ್ದು ಮತ್ತು ಹ್ಯಾಂಡ್ಲಿನ್ ಬರೆದದ್ದು, ಹಕ್ಕುದಾರರ ಒಪ್ಪಿಗೆ ಪಡೆದು ಕನ್ನಡಕ್ಕೆ ಬರಲಿ. ಒಂದನ್ನೇ ಅನುವಾದಿಸುವುದಾದರೆ ಬೇಡ. ಎರಡೂ ಬರಲಿ, ಒಂದೇ ಸಂಚಿಕೆಯಲ್ಲಿ, ಒಂದರ ಬೆನ್ನಿಗೆ ಇನ್ನೊಂದು, ಜೊತೆಗೆ 1938ರ ನಿಧಿಯ ವಿವರವೂ 1967ರಲ್ಲಿ ಬಯಲಾದದ್ದೂ ಇರುವ ನಾಲ್ಕು ಪುಟದ ಪರಿಚಯ. ಪತ್ರಿಕೋದ್ಯಮ ಕಲಿಸುವ ನಮ್ಮ ವಿಭಾಗಗಳಲ್ಲಿ ಯಾವುದಾದರೂ ಒಂದು ಇದನ್ನು ಕೈಗೆತ್ತಿಕೊಂಡರೆ, ಬೇಕಾದ ಮೂಲ ಕಾಗದಪತ್ರಗಳು ಅವರು ಓದಿದ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಯಾರು ಮುಂದೆ ಬರುತ್ತೀರಿ?

ಇಂತಿ,
ನಿಮ್ಮ ಬರಹಗಳ ಓದುಗ